ಎರಡನೆಯ ಸಂಪುಟ ಮತ್ತು ಮೊದಲನೆಯ ತೀರ್ಪು

ಕಥಾಮಾಲೆಯೊಂದರ ಎರಡನೆಯ ಕಾದಂಬರಿಯನ್ನು ಕೈಗೆತ್ತಿಕೊಳ್ಳುವ ಓದುಗನು ಬರಿಗೈಯಲ್ಲಿ ಬರುವುದಿಲ್ಲ. ಮೊದಲನೆಯ ಕಾದಂಬರಿಯನ್ನು ಓದಿ ಮುಗಿಸುವಷ್ಟರಲ್ಲಿ ಅವನ ಮನಸ್ಸಿನಲ್ಲಿ ಒಂದು ಪ್ರಪಂಚವೇ ನೆಲೆಗೊಂಡಿರುತ್ತದೆ. ಆ ಪ್ರಪಂಚದಲ್ಲಿ ಕೆಲವರು ಅವನಿಗೆ ಮಿತ್ರರು, ಕೆಲವರು ಶತ್ರುಗಳು. ಇಂಥವನು ಧೀರ, ಇಂಥವನು ಅಸೂಯಾಪರ, ಇಂಥ ನಾಡಿನವರು ಕ್ರೂರಿಗಳು ಎಂದು ಅವನು ತೀರ್ಪು ಕೊಟ್ಟೂ ಆಗಿರುತ್ತದೆ. ಎರಡನೆಯ ಪುಸ್ತಕವನ್ನು ಓದುವಾಗ ಈ ತೀರ್ಪುಗಳಿಗೆ ಏನಾಗುತ್ತದೆ? ಅವು ಹಾಗೆಯೇ ಉಳಿಯುತ್ತವೆಯೆ, ಇಲ್ಲವೆ ತಿದ್ದುಪಡಿ ಹೊಂದುತ್ತವೆಯೆ?

ಮೇಲುನೋಟಕ್ಕೆ ಇದು ಸಾಹಿತ್ಯ ವಿಮರ್ಶಕರಿಗೆ ಬಿಡಬೇಕಾದ ಪ್ರಶ್ನೆಯಂತೆ ತೋರುತ್ತದೆ. ಆದರೆ ನೆನಪು, ಮರೆವು, ಮೊದಲ ಭಾವನೆ, ಪರರ ಮನಸ್ಸನ್ನು ಊಹಿಸುವ ಶಕ್ತಿ ಇವೆಲ್ಲವೂ ಅದರಲ್ಲಿ ಸೇರಿಕೊಂಡಿವೆ. ಇವೆಲ್ಲವನ್ನೂ ಮನೋವಿಜ್ಞಾನಿಗಳು ಪ್ರಯೋಗಗಳಿಂದ ಪರೀಕ್ಷಿಸಿದ್ದಾರೆ. ಆದುದರಿಂದ ಒಂದು ಕಾದಂಬರಿಯನ್ನು ಮುಂದಿಟ್ಟುಕೊಂಡು, ಅದನ್ನು ಓದುವ ಮನಸ್ಸಿನಲ್ಲಿ ನಡೆಯುವ ಕಾರ್ಯವನ್ನು ನಾವು ಇಲ್ಲಿ ಪರಿಶೀಲಿಸೋಣ. ಕಥೆಯ ಗುಟ್ಟುಗಳನ್ನು ಹೇಳದೆ ಈ ಕೆಲಸ ಸಾಧ್ಯವಿಲ್ಲ. ಅದನ್ನು ಮೊದಲೇ ತಿಳಿಸಿಬಿಡುವುದು ನ್ಯಾಯ.

ಎರಡು ಕಾದಂಬರಿಗಳು

ನಮ್ಮ ಉದಾಹರಣೆ ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಅವರ ‘ಅರ್ಥ್‌ಸೀ’ ಕಥಾಮಾಲೆ. ಲೆ ಗ್ವಿನ್ 1929ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಜನಿಸಿ 2018ರಲ್ಲಿ ನಿಧನರಾದರು. ಅವರ ತಂದೆ ಆಲ್‌ಫ್ರೆಡ್ ಕ್ರೋಬರ್ ಹೆಸರಾಂತ ಮಾನವಶಾಸ್ತ್ರಜ್ಞರು. ಬೇರೆಬೇರೆ ಜನಾಂಗಗಳ ನಡೆನುಡಿಗಳನ್ನು ಅಭ್ಯಾಸ ಮಾಡುವುದೇ ಅವರ ವೃತ್ತಿಯಾಗಿತ್ತು. ಮಗಳು ಕಟ್ಟಿದ ಕಲ್ಪನಾಪ್ರಪಂಚದಲ್ಲಿಯೂ ಒಂದೊಂದು ದ್ವೀಪಕ್ಕೆ ಅದರದೇ ಆದ ಆಚಾರ, ನಂಬಿಕೆ, ಭಯಗಳಿವೆ.

ಮಾಲೆಯ ಮೊದಲನೆಯ ಕಾದಂಬರಿ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ 1968ರಲ್ಲಿ ಪ್ರಕಟವಾಯಿತು. ಅರ್ಥ್‌ಸೀ ಎಂಬುದು ಸಮುದ್ರದಲ್ಲಿ ಹರಡಿಕೊಂಡ ಅಸಂಖ್ಯಾತ ದ್ವೀಪಗಳ ಸಮೂಹ. ಅಲ್ಲಿ ಮಂತ್ರವಿದ್ಯೆಗೆ ಹೆಸರೇ ಆಧಾರ. ಪ್ರತಿಯೊಂದು ವಸ್ತುವಿಗೂ ಪ್ರತಿಯೊಬ್ಬ ಮನುಷ್ಯನಿಗೂ ಒಂದು ನಿಜನಾಮ ಉಂಟು. ಅದನ್ನು ಬಲ್ಲವನಿಗೆ ಅವರ ಮೇಲೆ ಅಧಿಕಾರ ಉಂಟು. ಆದ್ದರಿಂದ ಜನರು ತಮ್ಮ ನಿಜನಾಮವನ್ನು ಬಚ್ಚಿಟ್ಟುಕೊಂಡು ಅಡ್ಡಹೆಸರಿನಿಂದ ವ್ಯವಹರಿಸುತ್ತಾರೆ. ಗಾಂಟ್ ಎಂಬ ದ್ವೀಪದಲ್ಲಿ ಆಡು ಕಾಯುತ್ತಿದ್ದ ಹುಡುಗನೊಬ್ಬನಲ್ಲಿ ಅಸಾಧಾರಣ ಮಂತ್ರಶಕ್ತಿ ಇರುವುದು ಕಂಡುಬರುತ್ತದೆ. ಅವನ ನಿಜನಾಮ ಗೆಡ್. ಲೋಕಕ್ಕೆ ಅವನು ‘ಸ್ಪ್ಯಾರೊಹಾಕ್’, ಅಂದರೆ ಒಂದು ಬಗೆಯ ಗಿಡುಗ. ಮಾಂತ್ರಿಕರ ವಿದ್ಯಾಶಾಲೆಯಲ್ಲಿ ಅವನು ಸಹಪಾಠಿಯೊಬ್ಬನ ಮೇಲಿನ ಮತ್ಸರದಿಂದ, ತನ್ನ ಬಲವನ್ನು ತೋರಿಸಲೆಂದು, ಸತ್ತವರ ಲೋಕದಿಂದ ಒಂದು ಜೀವವನ್ನು ಕರೆಯಲು ಹೋಗುತ್ತಾನೆ. ಆ ಬಿರುಕಿನಿಂದ ಒಂದು ಕರಾಳ ಛಾಯೆ ಹೊರಕ್ಕೆ ಹಾರಿ ಅವನ ಮುಖವನ್ನು ಸೀಳುತ್ತದೆ. ಬಿರುಕನ್ನು ಮುಚ್ಚಲು ವೃದ್ಧ ಗುರುವೊಬ್ಬರು ಪ್ರಾಣವನ್ನೇ ತೆರುತ್ತಾರೆ. ಮುಂದೆ ಛಾಯೆಯಿಂದ ಓಡಿ ಓಡಿ ದಣಿದ ಗೆಡ್, ಕಡೆಗೆ ತಿರುಗಿ ನಿಂತು, ಅದನ್ನು ತನ್ನದೇ ಹೆಸರಿನಿಂದ ಕರೆಯುತ್ತಾನೆ. ಅದು ಅವನದೇ ಒಂದು ಭಾಗ.

ಈ ಕಥೆಯಲ್ಲಿ ನಡುನಡುವೆ ಬರುವ ಎರಡು ಚಿಕ್ಕ ಪ್ರಸಂಗಗಳನ್ನು ಓದುಗರು ಗಮನದಲ್ಲಿಡಬೇಕು. ಒಂದು: ಗೆಡ್ ಇನ್ನೂ ಬಾಲಕನಾಗಿದ್ದಾಗ ಪೂರ್ವದ ಕಾರ್ಗಡ್ ದ್ವೀಪಗಳ ಸೈನಿಕರು ಗಾಂಟಿನ ಮೇಲೆ ದಾಳಿ ಮಾಡುತ್ತಾರೆ. ಅವರು ಬಿಳಿಯ ಮೈಬಣ್ಣದವರು, ಊರುಗಳನ್ನು ಸುಡುವವರು. ಬಾಲಕನು ಮಂಜನ್ನು ಕವಿಸಿ ತನ್ನ ಹಳ್ಳಿಯನ್ನು ಉಳಿಸುತ್ತಾನೆ. ಎರಡು: ಸಮುದ್ರದ ನಡುವೆ ಒಂದು ಮರಳುದಿಬ್ಬದ ಮೇಲೆ, ಲೋಕವನ್ನೇ ಮರೆತ ಇಬ್ಬರು ಮುದುಕರು ಅವನಿಗೆ ಎದುರಾಗುತ್ತಾರೆ. ಮುದುಕಿ ಅವನ ಕೈಗೆ ಒಂದು ಮುರಿದ ಬಳೆಯ ಅರ್ಧವನ್ನು ಕೊಡುತ್ತಾಳೆ. ಅದೇನೆಂದು ಅವನಿಗೂ ತಿಳಿಯದು, ನಮಗೂ ತಿಳಿಯದು.

ಎರಡನೆಯ ಕಾದಂಬರಿ ‘ದಿ ಟೂಂಬ್ಸ್ ಆಫ್ ಅಟುವಾನ್’ 1971ರಲ್ಲಿ ಪುಸ್ತಕವಾಗಿ ಹೊರಬಂದು, 1972ರಲ್ಲಿ ಮಕ್ಕಳ ಸಾಹಿತ್ಯಕ್ಕೆ ಸಲ್ಲುವ ನ್ಯೂಬೆರಿ ಗೌರವಕ್ಕೆ ಪಾತ್ರವಾಯಿತು. ಇದನ್ನು ತೆರೆದ ಓದುಗನು ಗೆಡ್‌ನನ್ನು ಹುಡುಕುತ್ತಾನೆ; ಅವನು ಸಿಕ್ಕುವುದಿಲ್ಲ. ಸಿಕ್ಕುವವಳು ಟೆನಾರ್ ಎಂಬ ಪುಟ್ಟ ಹುಡುಗಿ, ಅದೂ ಶತ್ರುದೇಶವಾದ ಕಾರ್ಗಡ್‌ನವಳು. ಹೆಸರಿಲ್ಲದ ಕರಾಳ ಶಕ್ತಿಗಳ ಗುಡಿಯೊಂದಕ್ಕೆ ಅವಳನ್ನು ಎಳೆಯ ವಯಸ್ಸಿನಲ್ಲಿ ತಂದೆತಾಯಿಗಳಿಂದ ಬೇರ್ಪಡಿಸಿ ಪ್ರಧಾನ ಅರ್ಚಕಿಯಾಗಿ ಕರೆತಂದಿದ್ದಾರೆ. ಅವಳ ಹೆಸರನ್ನೂ ಕಿತ್ತುಕೊಂಡಿದ್ದಾರೆ. ಈಗ ಅವಳು ‘ಆರ್ಹಾ’, ಅಂದರೆ ನುಂಗಲ್ಪಟ್ಟವಳು. ಗುಡಿಯ ಕೆಳಗೆ ಬೆಳಕನ್ನು ನಿಷೇಧಿಸಿರುವ ಗುಹೆ, ಅದರಾಚೆಗೆ ದಾರಿತಪ್ಪಿಸುವ ಸುರಂಗಗಳ ಜಾಲ. ಹನ್ನೆರಡು ಅಧ್ಯಾಯಗಳ ಕಾದಂಬರಿಯಲ್ಲಿ ಐದನೆಯ ಅಧ್ಯಾಯದವರೆಗೆ ಗೆಡ್‌ನ ದರ್ಶನವಿಲ್ಲ.

ನೆನಪಿನಲ್ಲಿ ಉಳಿಯುವುದೇನು?

ಮೊದಲನೆಯ ಪುಸ್ತಕಕ್ಕೂ ಎರಡನೆಯದಕ್ಕೂ ನಡುವೆ ತಿಂಗಳುಗಳೇ ಕಳೆದಿರಬಹುದು. ಅಷ್ಟರಲ್ಲಿ ಮರೆವು ತನ್ನ ಕೆಲಸ ಮಾಡಿರುತ್ತದೆ. ಮರೆವನ್ನು ಮೊಟ್ಟಮೊದಲು ಅಳತೆಗೆ ಸಿಲುಕಿಸಿದವರು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅವರು ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾವೇ ಬಾಯಿಪಾಠ ಮಾಡಿ, ಕಾಲ ಕಳೆದ ಮೇಲೆ ಮತ್ತೆ ಕಲಿತು, ಎರಡನೆಯ ಸಲ ಎಷ್ಟು ಶ್ರಮ ಉಳಿಯಿತೆಂದು ಲೆಕ್ಕ ಹಾಕಿದರು. 1885ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಂತೆ ಒಂದು ದಿನದ ನಂತರ ಉಳಿತಾಯ ಸುಮಾರು ನೂರಕ್ಕೆ 34. 31 ದಿನಗಳ ನಂತರ ಸುಮಾರು ನೂರಕ್ಕೆ 21. ಮರೆವು ಮೊದಲು ವೇಗವಾಗಿಯೂ ಅನಂತರ ಬಹು ನಿಧಾನವಾಗಿಯೂ ಸಾಗುತ್ತದೆ ಎಂಬುದು ಇದರ ತಾತ್ಪರ್ಯ. ಸಂಪೂರ್ಣವಾಗಿ ಮರೆತೆವೆಂದು ನಾವು ಭಾವಿಸಿದ ವಿಷಯವೂ ಎರಡನೆಯ ಸಲ ಸುಲಭವಾಗಿ ಹಿಂದಿರುಗುತ್ತದೆ.

ಆದರೆ ಕಥೆಯು ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಯಲ್ಲ. ಕಥೆಯನ್ನು ಮನಸ್ಸು ಹೇಗೆ ಕಾಪಾಡುತ್ತದೆ ಎಂಬುದನ್ನು ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್ಲೆಟ್ ಪರೀಕ್ಷಿಸಿದರು. ಉತ್ತರ ಅಮೆರಿಕದ ಮೂಲನಿವಾಸಿಗಳ ಜನಪದ ಕಥೆಯೊಂದನ್ನು ಅವರು ಇಂಗ್ಲೆಂಡಿನ ಓದುಗರಿಗೆ ಕೊಟ್ಟು, ಬೇರೆಬೇರೆ ಅವಧಿಗಳ ನಂತರ ಅದನ್ನು ಜ್ಞಾಪಿಸಿಕೊಂಡು ಬರೆಯಲು ಹೇಳಿದರು. ಓದುಗರ ಬರವಣಿಗೆಯಲ್ಲಿ ಕಥೆ ಚಿಕ್ಕದಾಯಿತು. ಅಷ್ಟೇ ಅಲ್ಲ, ಅವರಿಗೆ ಅಪರಿಚಿತವಾದ ಅಂಶಗಳು ಪರಿಚಿತವಾದುವಾಗಿ ಮಾರ್ಪಟ್ಟುವು: ಸೀಲ್ ಎಂಬ ಕಡಲಪ್ರಾಣಿಯ ಬೇಟೆಗೆ ಹೋದವರು ಮೀನು ಹಿಡಿಯಲು ಹೋದವರಾದರು; ಆ ಜನರ ವಿಶಿಷ್ಟವಾದ ತೋಡುದೋಣಿ ಸಾಮಾನ್ಯ ದೋಣಿಯಾಯಿತು. ನೆನಪೆಂಬುದು ಉಗ್ರಾಣದಿಂದ ಸರಕನ್ನು ಹೊರತೆಗೆಯುವ ಕೆಲಸವಲ್ಲ, ಇರುವ ಚೌಕಟ್ಟಿನಲ್ಲಿ ಹೊಸದಾಗಿ ಕಟ್ಟುವ ಕೆಲಸವೆಂದು ಬಾರ್ಟ್ಲೆಟ್ 1932ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು.

ಇದನ್ನು ನಮ್ಮ ಓದುಗನಿಗೆ ಅನ್ವಯಿಸೋಣ. ಆರು ತಿಂಗಳಾದ ಮೇಲೆ ಗೆಡ್ ಯಾವ ದ್ವೀಪದಿಂದ ಯಾವ ದ್ವೀಪಕ್ಕೆ ಹೋದನೆಂಬುದು ಅವನಿಗೆ ನೆನಪಿರಲಾರದು. ಗೆಡ್ ಎಂಥವನು ಎಂಬುದು ಮಾತ್ರ ನೆನಪಿರುತ್ತದೆ. ಘಟನೆಗಳು ಕರಗಿ ವ್ಯಕ್ತಿಯ ಚಿತ್ರವಾಗಿ ಗಟ್ಟಿಗೊಂಡಿರುತ್ತವೆ. ಪಾತ್ರಗಳನ್ನೇ ಪ್ರಧಾನವಾಗಿಟ್ಟುಕೊಂಡ ಕಥಾಮಾಲೆಯು ಸಂಪುಟದಿಂದ ಸಂಪುಟಕ್ಕೆ ನಿಲ್ಲುವುದು ಇದರಿಂದಲೇ. ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ‘ಕಾರ್ಗಡ್‌ನವರು ಕ್ರೂರಿಗಳು’ ಎಂಬ ತೀರ್ಪೂ ಹಾಗೆಯೇ ಗಟ್ಟಿಗೊಂಡಿರುತ್ತದೆ. ಆ ತೀರ್ಪಿಗೆ ಆಧಾರವಾದ ಒಂದೇ ಒಂದು ದಾಳಿ ಮರೆತುಹೋದರೂ ತೀರ್ಪು ಮಾತ್ರ ಉಳಿಯುತ್ತದೆ.

ಮೊದಲು ಬಂದದ್ದರ ಬಲ

ಮೊದಲು ಕೇಳಿದ ಮಾತಿಗೆ ಹೆಚ್ಚಿನ ಬಲವಿದೆ ಎಂಬುದನ್ನು 1946ರಲ್ಲಿ ಸೊಲೊಮನ್ ಆಶ್ ಎಂಬ ಮನೋವಿಜ್ಞಾನಿ ಒಂದು ಸರಳ ಪ್ರಯೋಗದಿಂದ ತೋರಿಸಿದರು. ಅವರು ಒಬ್ಬ ವ್ಯಕ್ತಿಯ ಆರು ಗುಣಗಳನ್ನು ಓದಿ ಹೇಳಿದರು: ಬುದ್ಧಿವಂತ, ಪರಿಶ್ರಮಿ, ದುಡುಕುವವನು, ತಪ್ಪು ಹುಡುಕುವವನು, ಹಟಮಾರಿ, ಅಸೂಯಾಪರ. ಇನ್ನೊಂದು ಗುಂಪಿಗೆ ಇದೇ ಪಟ್ಟಿಯನ್ನು ಕಡೆಯಿಂದ ಮೊದಲಿಗೆ ಓದಿದರು. ಗುಣಗಳು ಅವೇ, ಅನುಕ್ರಮ ಮಾತ್ರ ಬೇರೆ. ಬುದ್ಧಿವಂತಿಕೆಯನ್ನು ಮೊದಲು ಕೇಳಿದವರು ಆ ವ್ಯಕ್ತಿಯನ್ನು ಕೆಲವು ಕುಂದುಗಳುಳ್ಳ ಸಮರ್ಥನೆಂದು ಬಗೆದರು. ಅಸೂಯೆಯನ್ನು ಮೊದಲು ಕೇಳಿದವರಿಗೆ ಅವನ ಸಾಮರ್ಥ್ಯವೇ ಕುಂದುಗಳಿಂದ ಕೆಟ್ಟುಹೋದಂತೆ ಕಂಡಿತು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು 1957ರಲ್ಲಿ ಏಬ್ರಹಾಂ ಲೂಚಿನ್ಸ್ ಪ್ರಕಟಿಸಿದ ಪ್ರಯೋಗ. ಅವರು ಜಿಮ್ ಎಂಬ ಕಲ್ಪಿತ ಹುಡುಗನನ್ನು ಕುರಿತು ಎರಡು ಪರಿಚ್ಛೇದಗಳನ್ನು ಬರೆದರು. ಒಂದರಲ್ಲಿ ಜಿಮ್ ಗೆಳೆಯರೊಡನೆ ಬಿಸಿಲಿನಲ್ಲಿ ನಡೆಯುತ್ತಾನೆ, ಎಲ್ಲರನ್ನೂ ಮಾತನಾಡಿಸುತ್ತಾನೆ. ಇನ್ನೊಂದರಲ್ಲಿ ಅದೇ ಜಿಮ್ ಒಂಟಿಯಾಗಿ ನೆರಳಿನ ಬದಿಯಲ್ಲಿ ನಡೆಯುತ್ತಾನೆ, ಪರಿಚಿತರನ್ನೂ ಮಾತನಾಡಿಸುವುದಿಲ್ಲ. ಎರಡನ್ನೂ ಒಟ್ಟಿಗೆ ಓದಿದವರಲ್ಲಿ ಹೆಚ್ಚು ಮಂದಿ ಮೊದಲು ಓದಿದ ಪರಿಚ್ಛೇದದಂತೆಯೇ ಜಿಮ್‌ನ ಸ್ವಭಾವವನ್ನು ನಿರ್ಣಯಿಸಿದರು. ಎರಡನೆಯದಕ್ಕೆ ‘ಆ ದಿನ ಅವನಿಗೆ ಬೇಸರವಾಗಿದ್ದಿರಬೇಕು’ ಎಂಬಂಥ ಸಮಾಧಾನ ಹೇಳಿಕೊಳ್ಳುವುದು ಸುಲಭವಲ್ಲವೆ? ಆದರೆ ಈ ಪ್ರಯೋಗದ ಮುಂದಿನ ಭಾಗ ಇನ್ನೂ ಮುಖ್ಯ. ಮೊದಲ ಭಾವನೆಗೆ ಮರುಳಾಗಬೇಡಿರೆಂದು ಮುಂಚಿತವಾಗಿ ಎಚ್ಚರಿಸಿದಾಗ ಅದರ ಬಲ ಕುಗ್ಗಿತು. ಎರಡು ಪರಿಚ್ಛೇದಗಳ ನಡುವೆ ಬೇರೆ ಕೆಲಸವನ್ನು ಕೊಟ್ಟು ಅಂತರವುಂಟುಮಾಡಿದಾಗಲೂ ಕುಗ್ಗಿತು.

ಅಂದರೆ ಮೊದಲನೆಯ ತೀರ್ಪು ಬಲವಾದದ್ದು, ಆದರೆ ಶಾಶ್ವತವಾದದ್ದಲ್ಲ. ಅಂತರವೂ ಎಚ್ಚರವೂ ಅದನ್ನು ಸಡಿಲಿಸಬಲ್ಲುವು. ಎರಡು ಸಂಪುಟಗಳ ನಡುವಿನ ಕಾಲವು ಇಂಥ ಅಂತರವನ್ನು ತಾನಾಗಿಯೇ ಒದಗಿಸುತ್ತದೆ. ಲೆ ಗ್ವಿನ್ ಎರಡನೆಯ ಪುಸ್ತಕವನ್ನು ಆರಂಭಿಸುವ ಕ್ರಮವು ಇನ್ನೊಂದನ್ನು, ಅಂದರೆ ಎಚ್ಚರವನ್ನು, ಒದಗಿಸುತ್ತದೆ. ಊರು ಸುಟ್ಟ ಸೈನಿಕರ ನಾಡಿನಲ್ಲಿ ಒಂದು ಸೇಬಿನ ತೋಟವಿದೆ, ತೋಟದಲ್ಲಿ ಓಡಿಯಾಡುವ ಮಗುವಿದೆ, ಅದನ್ನು ಸಂಜೆ ಮನೆಗೆ ಕರೆಯುವ ತಾಯಿಯಿದ್ದಾಳೆ ಎಂದು ಆರಂಭದಲ್ಲಿಯೇ ಕಾಣುತ್ತದೆ. ಕಾರ್ಗಡ್‌ನವರನ್ನು ಕುರಿತು ಹೊಸ ಉಪದೇಶವೇನೂ ಇಲ್ಲ. ನಾವು ನಿಂತಿರುವ ಸ್ಥಳ ಮಾತ್ರ ಬದಲಾಗಿದೆ.

ನಿಂತ ಸ್ಥಳ ಬದಲಾದರೆ

ನಿಂತ ಸ್ಥಳ ಬದಲಾದರೆ ನೆನಪೇ ಬದಲಾಗುತ್ತದೆ ಎಂಬುದಕ್ಕೆ ರಿಚರ್ಡ್ ಆಂಡರ್ಸನ್ ಮತ್ತು ಜೇಮ್ಸ್ ಪಿಚರ್ಟ್ 1978ರಲ್ಲಿ ಪ್ರಕಟಿಸಿದ ಪ್ರಯೋಗ ಸಾಕ್ಷಿ. ಶಾಲೆ ತಪ್ಪಿಸಿಕೊಂಡ ಇಬ್ಬರು ಹುಡುಗರು ಒಂದು ಮನೆಯಲ್ಲಿ ಸುತ್ತಾಡುವ ಕಥೆಯನ್ನು ಅವರು ಓದಿಸಿದರು. ಕೆಲವರಿಗೆ ‘ಮನೆ ಕೊಳ್ಳಲು ಬಂದವರಂತೆ ಓದಿರಿ’ ಎಂದೂ, ಕೆಲವರಿಗೆ ‘ಕಳ್ಳರಂತೆ ಓದಿರಿ’ ಎಂದೂ ಹೇಳಿದ್ದರು. ಕೊಳ್ಳುವವರಿಗೆ ಸೋರುವ ಮಾಳಿಗೆ ಮುಖ್ಯ. ಕಳ್ಳರಿಗೆ ಬೆಲೆಬಾಳುವ ವಸ್ತುಗಳು ಮುಖ್ಯ. ಎಲ್ಲರೂ ತಮಗೆ ನೆನಪಿದ್ದುದನ್ನು ಬರೆದಾದ ಮೇಲೆ ಕೆಲವರ ದೃಷ್ಟಿಯನ್ನು ಅದಲುಬದಲು ಮಾಡಿ, ಮತ್ತೊಮ್ಮೆ ಜ್ಞಾಪಿಸಿಕೊಳ್ಳಲು ಹೇಳಿದರು. ಕಥೆಯನ್ನು ಎರಡನೆಯ ಸಲ ಓದದೆಯೇ ಅವರು ಮೊದಲು ಬರೆಯದಿದ್ದ ಸಂಗತಿಗಳನ್ನು ಬರೆದರು. ಆ ಸಂಗತಿಗಳು ಮನಸ್ಸಿನಲ್ಲಿಯೇ ಇದ್ದುವು. ಅವನ್ನು ಹೊರಗೆ ಕರೆಯುವ ದೃಷ್ಟಿ ಇರಲಿಲ್ಲ.

ಮುರಿದ ಬಳೆಯ ಪ್ರಸಂಗವು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೊದಲನೆಯ ಕಾದಂಬರಿಯನ್ನು ನಾವು ಗೆಡ್‌ನ ದೃಷ್ಟಿಯಿಂದ ಓದಿದೆವು. ನಮಗಾಗ ಬೇಕಾಗಿದ್ದುದು ಒಂದೇ: ಛಾಯೆಯ ಕೈಯಿಂದ ಅವನು ಪಾರಾಗುವನೆ? ಮರಳುದಿಬ್ಬದ ಮುದುಕಿ ನಮ್ಮ ದೃಷ್ಟಿಗೆ ಹಾದಿಯ ಬದಿಯ ಗಿಡದಂತೆ ಕಂಡು ಮರೆಯಾದಳು. ಎರಡನೆಯ ಕಾದಂಬರಿಯಲ್ಲಿ ಗೆಡ್ ಅಟುವಾನ್‌ಗೆ ಬಂದಿರುವುದು ಅದೇ ಬಳೆಯ ಇನ್ನೊಂದು ಅರ್ಧಕ್ಕಾಗಿ. ಅದು ಎರೆತ್-ಅಕ್ಬೆ ಎಂಬ ಪುರಾತನ ವೀರನ ಬಳೆ. ಎರಡು ಚೂರುಗಳೂ ಕೂಡಿದರೆ ಅರ್ಥ್‌ಸೀಯ ದ್ವೀಪಗಳಿಗೆ ಶಾಂತಿಯನ್ನು ತರುವ, ಮುರಿದುಹೋಗಿದ್ದ ಗುರುತು ಮತ್ತೆ ಪೂರ್ಣವಾಗುತ್ತದೆ. ಇದು ತಿಳಿದೊಡನೆ ಮುದುಕಿಯು ನಮ್ಮ ನೆನಪಿನಲ್ಲಿ ಎದ್ದು ಬರುತ್ತಾಳೆ. ಅವಳು ಕಾರ್ಗಡ್‌ನ ರಾಜವಂಶದವಳು; ಮಗುವಾಗಿದ್ದಾಗಲೇ ಅವಳನ್ನೂ ಅವಳ ಸಹೋದರನನ್ನೂ ಆ ಮರಳಿನಲ್ಲಿ ಬಿಟ್ಟುಹೋಗಿದ್ದರು. ಶತ್ರುನಾಡಿನ ಇನ್ನೊಂದು ಮಗುವಿಗೂ ಅನ್ಯಾಯವಾಗಿತ್ತೆಂಬುದು ಮೊದಲನೆಯ ಪುಸ್ತಕದಲ್ಲಿಯೇ ನಮ್ಮ ಕಣ್ಣೆದುರಿಗೆ ಇತ್ತು. ನಾವು ಅದನ್ನು ನೋಡಿದ್ದೆವು, ಆದರೆ ಎಣಿಕೆಗೆ ತೆಗೆದುಕೊಂಡಿರಲಿಲ್ಲ.

ಪರಿಚಿತನನ್ನು ಅಪರಿಚಿತಳ ಕಣ್ಣಿನಿಂದ ನೋಡುವುದು

ಐದನೆಯ ಅಧ್ಯಾಯದಲ್ಲಿ ಟೆನಾರ್ ಕತ್ತಲ ಗುಹೆಯಲ್ಲಿ ಬೆಳಕನ್ನು ಕಾಣುತ್ತಾಳೆ. ಎಂದೂ ದೀಪ ಕಾಣದ ಆ ಸ್ಥಳದಲ್ಲಿ ಒಬ್ಬ ಗಂಡಸು ಹೊಳೆಯುವ ದಂಡವನ್ನು ಹಿಡಿದು ನಿಂತಿದ್ದಾನೆ; ಗೋಡೆಗಳ ಹರಳುಗಳು ಥಳಥಳಿಸುತ್ತಿವೆ. ಅವಳ ಪಾಲಿಗೆ ಅವನು ಕಳ್ಳ, ಧರ್ಮಭ್ರಷ್ಟ, ಪಶ್ಚಿಮದ ಕಪ್ಪು ಮೈಬಣ್ಣದ ಮಾಂತ್ರಿಕ. ಅವನ ಮುಖದ ಮೇಲಿನ ಕಲೆಗಳು ಹೇಗೆ ಬಂದುವೆಂದು ಅವಳಿಗೆ ತಿಳಿಯದು. ನಮಗೆ ತಿಳಿದಿದೆ.

ಒಬ್ಬರಿಗೆ ತಿಳಿದದ್ದು ಇನ್ನೊಬ್ಬರಿಗೆ ತಿಳಿದಿಲ್ಲ ಎಂಬ ಭೇದವನ್ನು ಮನಸ್ಸಿನಲ್ಲಿ ಹಿಡಿದಿಡುವುದು ಸುಲಭದ ಕೆಲಸವೆಂದು ನಾವು ಭಾವಿಸುತ್ತೇವೆ. ಆದರೆ ಅದು ಹುಟ್ಟಿನಿಂದ ಬಂದುದಲ್ಲ. 1983ರಲ್ಲಿ ಹೈನ್ಜ್ ವಿಮ್ಮರ್ ಮತ್ತು ಜೋಸೆಫ್ ಪರ್ನರ್ ಎಂಬ ವಿಜ್ಞಾನಿಗಳು ಮಕ್ಕಳಿಗೆ ಒಂದು ಕಥೆಯನ್ನು ಹೇಳಿದರು. ಮ್ಯಾಕ್ಸಿ ಎಂಬ ಹುಡುಗ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಟಕ್ಕೆ ಹೋಗುತ್ತಾನೆ. ಅವನಿಲ್ಲದಾಗ ತಾಯಿ ಅದನ್ನು ಬೇರೆ ಕಪಾಟಿಗೆ ಬದಲಾಯಿಸುತ್ತಾಳೆ. ಹಿಂದಿರುಗಿದ ಮ್ಯಾಕ್ಸಿ ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ ಚಾಕೊಲೇಟ್ ಈಗ ಇರುವ ಕಪಾಟನ್ನೇ ತೋರಿಸಿದರು. ತಮಗೆ ತಿಳಿದದ್ದು ಮ್ಯಾಕ್ಸಿಗೂ ತಿಳಿದಿದೆ ಎಂಬಂತೆ. ನಾಲ್ಕರಿಂದ ಆರು ವರ್ಷಗಳ ನಡುವೆ ಸರಿಯಾದ ಉತ್ತರಗಳು ಹೆಚ್ಚುತ್ತ ಹೋದುವು. ತನ್ನ ತಿಳಿವಳಿಕೆಯನ್ನು ಬದಿಗಿಟ್ಟು ಇನ್ನೊಬ್ಬನ ತಪ್ಪು ತಿಳಿವಳಿಕೆಯನ್ನು ಊಹಿಸುವುದು ಬೆಳೆಯುತ್ತ ಕೈಗೂಡುವ ಶಕ್ತಿ.

ಗುಹೆಯ ಪ್ರಸಂಗವು ಈ ಶಕ್ತಿಯನ್ನು ಪೂರ್ಣವಾಗಿ ದುಡಿಸಿಕೊಳ್ಳುತ್ತದೆ. ಗೆಡ್ ಸಜ್ಜನನೆಂದು ನಾವು ಬಲ್ಲೆವು, ಟೆನಾರ್ ಬಲ್ಲವಳಲ್ಲ. ಅವಳು ಕಬ್ಬಿಣದ ಬಾಗಿಲನ್ನು ಮುಚ್ಚಿ ಅವನನ್ನು ಸುರಂಗಗಳ ಜಾಲದಲ್ಲಿ ಸೆರೆಹಿಡಿದಾಗ ನಮಗೆ ಅವಳ ಮೇಲೆ ಕೋಪ ಬರಬೇಕಾಗಿತ್ತು. ಆದರೆ ನಾಲ್ಕು ಅಧ್ಯಾಯಗಳ ಕಾಲ ನಾವು ಅವಳೊಡನೆ ಆ ಗುಡಿಯಲ್ಲಿ ಬೆಳೆದಿದ್ದೇವೆ. ಅವಳಿಗೆ ಕಲಿಸಿದ್ದೆಲ್ಲವನ್ನೂ ಕೇಳಿದ್ದೇವೆ. ಅವಳು ಹಾಗೆ ಮಾಡದೆ ಇರಲಾರಳೆಂಬುದು ನಮಗೆ ಅರ್ಥವಾಗುತ್ತದೆ. ಮೊದಲ ಅಧ್ಯಾಯದಲ್ಲಿಯೇ ಗೆಡ್ ಬಂದಿದ್ದರೆ ಟೆನಾರ್ ಅವನ ದಾರಿಯ ಅಡ್ಡಿಯಾಗಿ ಮಾತ್ರ ಉಳಿಯುತ್ತಿದ್ದಳು. ಓದುಗನು ಬೇಸರದಿಂದ ‘ನಾಯಕನೆಲ್ಲಿ?’ ಎಂದು ಪುಟ ತಿರುವುವ ಆ ನಾಲ್ಕು ಅಧ್ಯಾಯಗಳೇ ಕಾದಂಬರಿಯ ಅಡಿಪಾಯ.

ಗೆಡ್‌ನ ಚಿತ್ರವೂ ಇಲ್ಲಿ ಬದಲಾಗುತ್ತದೆ. ಮೊದಲ ಪುಸ್ತಕದಲ್ಲಿ ಅವನ ಒಳಮನಸ್ಸು ನಮಗೆ ತೆರೆದಿತ್ತು. ಈಗ ಅವನು ಹೊರಗಿನಿಂದ ಮಾತ್ರ ಕಾಣುತ್ತಾನೆ: ಬಾಯಾರಿದ, ದಣಿದ, ಮೃದುವಾಗಿ ಮಾತನಾಡುವ ಒಬ್ಬ ಸೆರೆಯಾಳು. ಅಹಂಕಾರದಿಂದ ಬಲ ತೋರಿಸಲು ಹೋಗಿದ್ದ ಹುಡುಗ ಇವನೇ ಎಂಬುದು ನಮಗೆ ಮಾತ್ರ ಗೊತ್ತು. ಆದ್ದರಿಂದ ಅವನ ತಾಳ್ಮೆಯ ಬೆಲೆಯೂ ನಮಗೆ ಮಾತ್ರ ಗೊತ್ತು. ತರಗತಿಯಲ್ಲಿ ಗದರಿಸುವ ಉಪಾಧ್ಯಾಯರನ್ನು ಅವರ ಮನೆಯಲ್ಲಿ, ವೃದ್ಧ ತಾಯಿಗೆ ಔಷಧ ಕುಡಿಸುತ್ತಿರುವಾಗ ಕಂಡ ವಿದ್ಯಾರ್ಥಿಗೆ ಇಂಥ ಅನುಭವ ಆಗುವುದುಂಟು. ವ್ಯಕ್ತಿ ಅವನೇ, ಆದರೆ ಚಿತ್ರಕ್ಕೆ ಒಂದು ಹೊಸ ಮುಖ ಕೂಡುತ್ತದೆ.

ಅನುಕ್ರಮದಲ್ಲಿ ಓದುವುದರ ಪ್ರಯೋಜನ

ಎರಡನೆಯ ಪುಸ್ತಕವನ್ನೇ ಮೊದಲು ಓದಿದರೇನು ನಷ್ಟ ಎಂದು ಕೆಲವರು ಕೇಳಬಹುದು. ಇದಕ್ಕೆ ಜಾನ್ ಬ್ರಾನ್ಸ್‌ಫರ್ಡ್ ಮತ್ತು ಮಾರ್ಷಾ ಜಾನ್ಸನ್ 1972ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಉತ್ತರ ದೊರೆಯುತ್ತದೆ. ಅವರು ಬಟ್ಟೆ ಒಗೆಯುವ ಕ್ರಮವನ್ನು ಬಹು ಅಸ್ಪಷ್ಟವಾದ ಮಾತುಗಳಲ್ಲಿ ವರ್ಣಿಸಿ ಓದಿ ಹೇಳಿದರು. ವಿಷಯ ಇಂಥದೆಂದು ಮುಂಚೆಯೇ ತಿಳಿದಿದ್ದವರು, ತಿಳಿಯದವರಿಗಿಂತ ಸುಮಾರು ಎರಡರಷ್ಟು ಅಂಶಗಳನ್ನು ಜ್ಞಾಪಿಸಿಕೊಂಡರು. ಕೇಳಿ ಮುಗಿದ ಮೇಲೆ ವಿಷಯವನ್ನು ತಿಳಿಸಿದರೆ ಪ್ರಯೋಜನವಾಗಲಿಲ್ಲ. ತಿಳಿವಳಿಕೆ ಇದ್ದರೆ ಸಾಲದು, ಬೇಕಾದ ಹೊತ್ತಿಗೆ ಅದು ಸಿದ್ಧವಾಗಿರಬೇಕು.

ಇದಕ್ಕೆ ಕಾದಂಬರಿಯಲ್ಲಿ ಒಂದು ಸುಂದರ ನಿದರ್ಶನವಿದೆ. ಗೆಡ್ ಮೊದಲು ಟೆನಾರ್‌ಗೆ ಅವಳ ಕಳೆದುಹೋದ ಹೆಸರನ್ನು ಹಿಂದಿರುಗಿಸುತ್ತಾನೆ. ಮುಂದೆ ತನ್ನ ನಿಜನಾಮವನ್ನೂ ಅವಳಿಗೆ ತಿಳಿಸುತ್ತಾನೆ. ಹೊಸ ಓದುಗನಿಗೆ ಇದು ಪರಿಚಯದ ಮಾತು. ಮೊದಲ ಪುಸ್ತಕವನ್ನು ಓದಿದವನಾದರೋ, ವಿದ್ಯಾಶಾಲೆಯಲ್ಲಿ ಗೆಡ್ ಎಲ್ಲರಿಂದ ದೂರವಾಗಿದ್ದ ಹೊತ್ತಿನಲ್ಲಿ ಗೆಳೆಯ ವೆಚ್ ತನ್ನ ನಿಜನಾಮವನ್ನು ಅವನಿಗೆ ಹೇಳಿದ್ದನ್ನು ಬಲ್ಲನು. ಆ ಲೋಕದಲ್ಲಿ ಅದು ಪ್ರಾಣವನ್ನೇ ಇನ್ನೊಬ್ಬರ ಕೈಗೆ ಕೊಟ್ಟಂತೆ. ಅಂದು ಪಡೆದುದನ್ನು ಗೆಡ್ ಇಂದು ಇನ್ನೊಬ್ಬಳಿಗೆ ಕೊಡುತ್ತಿದ್ದಾನೆ.

ತೀರ್ಪನ್ನು ತಿದ್ದಿಕೊಳ್ಳುವ ಕಷ್ಟ

ಟೆನಾರ್ ನಿರಪರಾಧಿಯಲ್ಲ. ಗುಡಿಯ ಕೆಳಗೆ ಬಂಧಿಸಿದ್ದ ಮೂವರು ಸೆರೆಯಾಳುಗಳನ್ನು ಅನ್ನನೀರಿಲ್ಲದೆ ಸಾಯಲು ಬಿಡುವಂತೆ ಆಜ್ಞೆ ಮಾಡಿದವಳು ಅವಳೇ. ಅನಂತರ ಅವಳು ಜ್ವರದಲ್ಲಿ, ದುಃಸ್ವಪ್ನಗಳಲ್ಲಿ ನರಳುತ್ತಾಳೆ. ನಾವು ಅವಳನ್ನು ಪ್ರೀತಿಸತೊಡಗಿದ ಮೇಲೆ ಈ ಸಂಗತಿಯನ್ನು ಏನು ಮಾಡಬೇಕು? ಜಿಮ್‌ನ ಕಥೆಯ ಓದುಗರಂತೆ ‘ಅದು ಅವಳ ತಪ್ಪಲ್ಲ’ ಎಂದು ಸಮಾಧಾನ ಹೇಳಿಕೊಂಡು ತಳ್ಳಿಹಾಕಬಹುದು. ಲೇಖಕಿ ಅದಕ್ಕೆ ಎಡೆಗೊಡುವುದಿಲ್ಲ. ಗುಡಿ ಕುಸಿದು, ಇಬ್ಬರೂ ತಪ್ಪಿಸಿಕೊಂಡು ಕಡಲತೀರಕ್ಕೆ ಬಂದ ಮೇಲೂ, ಟೆನಾರ್ ಒಂದು ಗಳಿಗೆ ಗೆಡ್‌ನನ್ನೇ ಕೊಲ್ಲಲು ಚೂರಿಯನ್ನು ಹಿಡಿಯುತ್ತಾಳೆ. ಬಿಡುಗಡೆಯಾದ ಮೇಲೆ ಅವಳು ಅಳುವುದು ಸತ್ತವರಿಗಾಗಿ, ಕೆಡುಕಿಗೆ ಸವೆದುಹೋದ ತನ್ನ ವರ್ಷಗಳಿಗಾಗಿ.

ತೀರ್ಪನ್ನು ತಿದ್ದಿಕೊಳ್ಳುವುದೆಂದರೆ ಕೆಟ್ಟವಳೆಂಬ ಚೀಟಿಯನ್ನು ಕಿತ್ತು ಒಳ್ಳೆಯವಳೆಂಬ ಚೀಟಿಯನ್ನು ಅಂಟಿಸುವುದಲ್ಲವೆಂದು ಇದರಿಂದ ವಿದಿತವಾಗುತ್ತದೆ. ಅವಳು ಮಾಡಿದುದನ್ನೂ ಅವಳಿಗೆ ಆದುದನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇದು ಶ್ರಮದ ಕೆಲಸ. ಒಂದೇ ಚೀಟಿಯಿಂದ ಕೆಲಸ ಮುಗಿಸುವುದು ಮನಸ್ಸಿಗೆ ಎಷ್ಟು ಸುಲಭವೆಂಬುದನ್ನು ಆಶ್ ಅವರ ಪ್ರಯೋಗದಲ್ಲಿ ಕಂಡೆವು.

ಹಾಗಾದರೆ ಕಾದಂಬರಿಗಳನ್ನು ಓದಿದವರು ನಿಜಜೀವನದಲ್ಲಿ ಪರರನ್ನು ಹೆಚ್ಚು ಚೆನ್ನಾಗಿ ಅರಿಯುತ್ತಾರೆಯೆ? ಇಲ್ಲಿ ಎಚ್ಚರದಿಂದ ಮಾತನಾಡಬೇಕು. 2013ರಲ್ಲಿ ಡೇವಿಡ್ ಕಿಡ್ ಮತ್ತು ಎಮಾನ್ವೆಲ್ ಕಸ್ತಾನೊ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಸಾಹಿತ್ಯಗುಣವುಳ್ಳ ಕಥೆಯನ್ನು ಸ್ವಲ್ಪ ಹೊತ್ತು ಓದಿದವರು, ಕಣ್ಣುಗಳ ಚಿತ್ರವನ್ನು ನೋಡಿ ಭಾವವನ್ನು ಗುರುತಿಸುವಂಥ ಪರೀಕ್ಷೆಗಳಲ್ಲಿ ಮುಂದಾದರೆಂದು ಅವರು ತಿಳಿಸಿದರು. ಈ ವಾರ್ತೆ ಲೋಕವನ್ನೆಲ್ಲ ಸುತ್ತಿತು. ಆದರೆ ಹಲವು ಸಂಶೋಧಕರು ಕೂಡಿ ಪ್ರಯೋಗವನ್ನು ಪುನಃ ಮಾಡಿ 2016ರಲ್ಲಿ ಪ್ರಕಟಿಸಿದಾಗ ಆ ಪರಿಣಾಮ ಕಾಣಲಿಲ್ಲ. ಜೀವಮಾನದಲ್ಲಿ ಹೆಚ್ಚು ಕಥೆಗಳನ್ನು ಓದಿದವರು ಇಂಥ ಪರೀಕ್ಷೆಗಳಲ್ಲಿ ಕೊಂಚ ಮುಂದಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಓದಿನಿಂದ ಆ ಶಕ್ತಿ ಬಂದಿತೆ, ಆ ಶಕ್ತಿಯುಳ್ಳವರೇ ಓದಿಗೆ ಒಲಿದರೆ ಎಂಬುದು ಅದರಿಂದ ತೀರ್ಮಾನವಾಗುವುದಿಲ್ಲ. ಪುಸ್ತಕವು ಅರ್ಧ ಗಂಟೆಯಲ್ಲಿ ಗುಣ ಕೊಡುವ ಔಷಧವಲ್ಲ. ಅದು ಅಭ್ಯಾಸಕ್ಕೆ ದೊರೆತ ಒಂದು ಸಂದರ್ಭ, ಅಷ್ಟೆ.

ಓದುಗರು ತಾವೇ ಮಾಡಬಹುದಾದ ಪ್ರಯೋಗ

ಈ ಅಭ್ಯಾಸವನ್ನು ಯಾವ ಉಪಕರಣವೂ ಇಲ್ಲದೆ ಯಾರಾದರೂ ಮಾಡಬಹುದು. ಯಾವುದಾದರೂ ಕಥಾಮಾಲೆಯ ಎರಡನೆಯ ಸಂಪುಟವನ್ನು ತೆರೆಯುವ ಮುನ್ನ ಒಂದು ಹಾಳೆಯಲ್ಲಿ ಮುಖ್ಯ ಪಾತ್ರಗಳ ಹೆಸರನ್ನು ಬರೆದು, ಒಂದೊಂದರ ಮುಂದೆ ಒಂದೇ ವಾಕ್ಯದಲ್ಲಿ ನಿಮ್ಮ ಅಭಿಪ್ರಾಯವನ್ನು ಬರೆಯಿರಿ. ಆ ಅಭಿಪ್ರಾಯಕ್ಕೆ ಆಧಾರವಾದ ಘಟನೆಯನ್ನು ಜ್ಞಾಪಿಸಿಕೊಳ್ಳಲು ಯತ್ನಿಸಿರಿ. ಎಷ್ಟೋ ಕಡೆ ಅಭಿಪ್ರಾಯವಿದ್ದು ಆಧಾರ ನೆನಪಿಲ್ಲದಿರುವುದು ಕಂಡುಬರುತ್ತದೆ. ಬಳಿಕ ಹಾಳೆಯನ್ನು ಮಡಿಸಿಟ್ಟು ಓದಲು ತೊಡಗಿರಿ. ಪರಿಚಿತ ನಾಯಕನು ಕಾಣದಿದ್ದರೂ ಪುಟಗಳನ್ನು ಹಾರಿಸಬೇಡಿರಿ. ಓದಿ ಮುಗಿದ ಮೇಲೆ ಹಾಳೆಯನ್ನು ತೆರೆದು, ಯಾವ ವಾಕ್ಯಗಳನ್ನು ಈಗ ಹಾಗೆಯೇ ಬರೆಯಲಾರಿರೋ ಅವುಗಳ ಕೆಳಗೆ ಗೆರೆ ಎಳೆಯಿರಿ. ಕಡೆಯದಾಗಿ ಮೊದಲನೆಯ ಸಂಪುಟದ ಒಂದು ಅಧ್ಯಾಯವನ್ನು, ಎರಡನೆಯದರಲ್ಲಿ ಪರಿಚಯವಾದ ವ್ಯಕ್ತಿಯ ಕಣ್ಣಿನಿಂದ ಮತ್ತೆ ಓದಿರಿ. ಗಾಂಟಿನ ಮೇಲಿನ ದಾಳಿಯನ್ನು ಓದುತ್ತಿರುವಾಗ, ಮಂಜಿನಲ್ಲಿ ದಾರಿತಪ್ಪಿ ಬಿದ್ದು ಸತ್ತ ಆ ಬಿಳಿಯ ಸೈನಿಕರಿಗೂ ಸೇಬಿನ ತೋಟವುಳ್ಳ ಮನೆಯೊಂದಿತ್ತೆ ಎಂಬ ಪ್ರಶ್ನೆ ನಿಮಗೆ ಹೊಳೆದರೆ ಪ್ರಯೋಗ ಸಫಲವಾದಂತೆ.

ಲೆ ಗ್ವಿನ್ ಅವರೂ ತಮ್ಮ ಮೊದಲ ತೀರ್ಪಿಗೆ ಕಟ್ಟುಬೀಳಲಿಲ್ಲ. ಮೂರನೆಯ ಕಾದಂಬರಿ ‘ದಿ ಫಾರ್ದೆಸ್ಟ್ ಶೋರ್’ 1972ರಲ್ಲಿ ಬಂದಿತು. ಅದಾದ ಹದಿನೆಂಟು ವರ್ಷಗಳ ಮೇಲೆ, 1990ರಲ್ಲಿ, ಅವರು ‘ತೆಹಾನು’ ಎಂಬ ನಾಲ್ಕನೆಯ ಕಾದಂಬರಿಯಲ್ಲಿ ಟೆನಾರ್‌ಳನ್ನು ಮತ್ತೆ ಕರೆತಂದರು. ಈಗ ಅವಳು ಗಾಂಟ್ ದ್ವೀಪದ ರೈತನೊಬ್ಬನ ವಿಧವೆ, ನಡುವಯಸ್ಸಿನ ಗೃಹಿಣಿ. ತನ್ನ ನಾಡಿನವರು ಒಂದು ಕಾಲದಲ್ಲಿ ಸುಡಲು ಬಂದಿದ್ದ ದ್ವೀಪದಲ್ಲಿಯೇ ಅವಳು ಮನೆ ಮಾಡಿಕೊಂಡು, ಅಲ್ಲಿಯ ಹೊಲವನ್ನು ನೋಡಿಕೊಳ್ಳುತ್ತಿದ್ದಾಳೆ.